ಆ ಕಡಿ ಧಾರವಾಡ, ಈ ಕಡಿ ಕಲಬುರ್ಗಿ

ಕೂಸಿಗೆ ಅರ್ಧ ಟಿಕೆಟ್ ಕೊಡಲೇನು ಎಂದು ಕಂಡಕ್ಟರ್ ಚಾಷ್ಟಿ ಮಾಡಿದನಂತೆ. ಲಕ್ಷ್ಮಿ ತೊಡೆಯ ಮೇಲಿನ ಕೌದಿಯ ಗಂಟನ್ನು ಅಷ್ಟು ಜೋಪಾನವಾಗಿ ಹಿಡಿದುಕೊಂಡು ಕುಳಿತಿದ್ದಳು. ತುರ್ವಿಹಾಳದಿಂದ ಸಿಂಧನೂರು, ಅಲ್ಲಿ ಬಸ್ಸು ಬದಲಿಸಿ ಮಸ್ಕಿ ಹಾಯ್ದು ಲಿಂಗಸುಗೂರು. ಅಷ್ಟೂ ದಾರಿ ಆ ಗಂಟನ್ನು ಕಾಲ ಬಳಿ ಇಡಲಿಲ್ಲ, ಮೇಲೆ ಸಾಮಾನು ಇಡುವ ಕಂಬಿಯ ಮೇಲೂ ಇಡಲಿಲ್ಲ. ನಮ್ಮ ಪಡಸಾಲೆಯಲ್ಲಿ ಕುಳಿತು, ಒಂದು ತಂಬಿಗೆ ನೀರು ಕುಡಿದು ಗಂಟು ಬಿಚ್ಚಿದಾಗ ಒಳಗಿದ್ದದ್ದು ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೊ.

ನೀವು ನನ್ನ ಓರಗೆಯವರಾಗಿದ್ದರೆ ಅದು ಹೇಗಿತ್ತು ಎಂದು ಹೇಳುವ ಅಗತ್ಯವಿಲ್ಲ. ಕಂದು ಬಣ್ಣದ ಚರ್ಮದ ಅಂಗಿ, ಎದೆಯ ಮೇಲೆ ಸಾಲುಸಾಲು ತೂತು, ಹೆಗಲಿಗೆ ಹಾಕಿಕೊಳ್ಳುವ ಬಾರು. ಬಾರು ಎಂದೋ ಹರಿದು ಅದರ ಜಾಗಕ್ಕೆ ಸೀರೆಯ ಅಂಚನ್ನು ಹೆಣೆದು ಕಟ್ಟಿದ್ದರು. ಒಂದು ಗುಂಡಿಯ ಬದಲು ಪೆನ್ನಿನ ಟೋಪಿ ಸಿಕ್ಕಿಸಿದ್ದರು. ಮೂಗಿಗೆ ಹಿಡಿದರೆ ಈಗಲೂ ಕೆಸರಿನ ವಾಸನೆ ಬರುತ್ತದೆ ಎಂದು ನಾನಂದೆ. ನಮ್ಮ ಮನೆಯವರು ಮೂಸಿ ನೋಡಿ, ಜಿರಳೆಯದು ಎಂದರು. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಭಾವನೆಗಳಿಗೆ ಸುಲಭವಾಗಿ ಸಾಲ ಕೊಡುವುದಿಲ್ಲ.

ಲಕ್ಷ್ಮಿ ನಮಗೆ ಬಳಗದವಳಲ್ಲ. ನಮ್ಮ ಅವ್ವ ದುರುಗವ್ವನ ಗೆಳತಿ ಹುಲಿಗೆವ್ವನ ಸೊಸೆ. ಹುಲಿಗೆವ್ವನನ್ನು ನಾನು ಮಾತು ಬಂದಾಗಿನಿಂದ ಚಿಗವ್ವ ಎಂದೇ ಕರೆದವಳು. ಅವ್ವ, ಚಿಗವ್ವ ಇಬ್ಬರೂ ತುರ್ವಿಹಾಳದ ಕಾಲುವೆ ನೀರಿನ ಗದ್ದೆಗಳಲ್ಲಿ ಸಸಿ ಹಚ್ಚುವ ಹೆಂಗಸರ ಗುಂಪಿನವರು. ಅವ್ವ ಗುಂಪಿಗೆ ಮುಂದಾಳು, ಚಿಗವ್ವ ಅವಳ ಪಕ್ಕದ ಜಾಗದವಳು. ಇಬ್ಬರೂ ಬಾಗಿ ಬಾಗಿ ಒಬ್ಬರ ಮಗ್ಗುಲಲ್ಲಿ ಒಬ್ಬರು ಮುದುಕಿಯರಾದರು. ಹೋದ ತಿಂಗಳು ಚಿಗವ್ವ ತೀರಿಕೊಂಡಳು. ಈಗ ಲಿಂಗಸುಗೂರಿನಲ್ಲಿ ನನ್ನ ಹತ್ತಿರವೇ ಇರುವ ಅವ್ವ ಮಣ್ಣಿಗೆ ಹೋಗಿ ಬಂದು, ಕಾಲು ನೋಯುತ್ತವೆ ಎಂದು ನಮ್ಮ ಪಡಸಾಲೆಯ ಹೊರಸಿನ ಮೇಲೆ ಅಡ್ಡಾದಳು. ಗೋಡೆಯ ಕಡೆ ಮುಖ ತಿರುಗಿಸಿದವಳು ಮತ್ತೆ ಈ ಕಡೆ ತಿರುಗಲಿಲ್ಲ.

ನಮ್ಮ ಅವ್ವ ಸುಮ್ಮನಿರುವ ಜಾತಿಯವಳಲ್ಲ. ನಮ್ಮ ಓಣಿಯಲ್ಲಿ ತರಕಾರಿ ಗಾಡಿಯವನಿಗೂ ಅವಳ ಕೈಯಲ್ಲಿ ಒಂದೆರಡು ಮಾತು ತಿನ್ನದೆ ಮುಂದೆ ಹೋಗಲು ಪರವಾನಗಿ ಇರಲಿಲ್ಲ. ಅಂಥವಳು ಏನು ಕೇಳಿದರೂ ಹೂಂ ಇಲ್ಲ, ಹಾಂ ಇಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟರೆ ಎರಡು ತುತ್ತು ತಿಂದು ಕೈ ಅಡ್ಡ ಹಿಡಿಯುವಳು. ಡಾಕ್ಟರು ನೋಡಿ, ಮೈಯಲ್ಲಿ ಏನೂ ಇಲ್ಲ, ಮನಸ್ಸು ಒಪ್ಪಬೇಕು ಎಂದರು. ಮನಸ್ಸು ಒಪ್ಪಿಸುವ ಗುಳಿಗೆ ಲಿಂಗಸುಗೂರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಹೀಗೇ ಗೋಡೆ ನೋಡುತ್ತ ನೋಡುತ್ತ ಅವ್ವ ನಮ್ಮ ಕೈಬಿಟ್ಟು ಹೋಗಿಬಿಡುತ್ತಾಳೆ ಎಂದು ನನಗೆ ಹೆದರಿಕೆ ಹತ್ತಿತ್ತು. ಅಷ್ಟರಲ್ಲಿ ಲಕ್ಷ್ಮಿ ಬಂದಳು.

"ನಮ್ಮತ್ತಿ ಹೇಳಿ ಹೋಗ್ಯಾಳ್ರೀ ಅಕ್ಕಾರ," ಎಂದಳು ಲಕ್ಷ್ಮಿ, ದನಿ ತಗ್ಗಿಸಿ. "ದುರುಗವ್ವ ಹಾಸಿಗಿ ಹಿಡಿದ್ಲು ಅಂದ್ರ ಇದು ಅಲ್ಲಿಗೆ ಹೋಗಬೇಕು ಅಂತ. ಅದಕ ತಂದೀನಿ."

ಈ ಮಾತು ಅರ್ಥವಾಗಬೇಕಾದರೆ ಆ ಗುಂಪಿನ ಒಂದು ಪದ್ಧತಿ ನಿಮಗೆ ಗೊತ್ತಿರಬೇಕು. ಈ ರೇಡಿಯೊ ಯಾರೊಬ್ಬರ ಸ್ವಂತದ್ದೂ ಅಲ್ಲ, ಇಡೀ ಗುಂಪಿನದು. ಹಗಲು ಗದ್ದೆಯಲ್ಲಿ ಇರುತ್ತಿತ್ತು. ಆದರೆ ಯಾರಾದರೂ ಗದ್ದೆಗೆ ಬರಲಾರದಂತೆ ಬಿದ್ದರೆ ರೇಡಿಯೊ ಅವರ ಮನೆಗೆ ಹೋಗಬೇಕು. ಬಾಣಂತಿಯಾದರೆ ಬಾಣಂತಿಯ ಮನೆಗೆ, ಜ್ವರ ಬಂದರೆ ಜ್ವರದವಳ ಮನೆಗೆ, ಕಾಲು ಉಳುಕಿದರೆ ಉಳುಕಿದವಳ ಮನೆಗೆ. ಅವಳು ಎದ್ದು ಕೆಸರಿಗೆ ಇಳಿಯುವ ದಿನ ತಾನೇ ಹೆಗಲಿಗೆ ಹಾಕಿಕೊಂಡು ತರಬೇಕು. ಅಲ್ಲಿಯ ತನಕ ಗದ್ದೆಯಲ್ಲಿ ರೇಡಿಯೊ ಇಲ್ಲ, ಉಳಿದವರೇ ಹಾಡಿಕೊಳ್ಳಬೇಕು. ನನ್ನ ತಮ್ಮ ಹುಟ್ಟಿದಾಗ ನಮ್ಮ ಮನೆಗೂ ಬಂದಿತ್ತು. ತಮ್ಮ ರೇಡಿಯೊ ಕೇಳಿ ಅಳು ನಿಲ್ಲಿಸುತ್ತಿದ್ದ, ರೇಡಿಯೊ ಹೋದ ಮೇಲೆ ಮತ್ತೆ ಶುರು ಮಾಡಿದ. ಅವನ ದನಿಗೆ ಬ್ಯಾಟರಿ ಶೆಲ್ಲು ಬೇಕಿರಲಿಲ್ಲ.

ಅವ್ವ ತಲೆ ಹೊರಳಿಸಿ ಒಮ್ಮೆ ರೇಡಿಯೊವನ್ನು ನೋಡಿದಳು. ಲಕ್ಷ್ಮಿಯ ಕೈಯನ್ನು ಸವರಿದಳು. ಮತ್ತೆ ಗೋಡೆಗೆ ತಿರುಗಿದಳು. ಲಕ್ಷ್ಮಿ ಊಟ ಮಾಡಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಮಧ್ಯಾಹ್ನದ ಬಸ್ಸಿಗೆ ಹೋದಳು. ನಾನು ರೇಡಿಯೊ ಒರೆಸುತ್ತ ಕುಳಿತೆ. ಒರೆಸುವುದು ನೆಪ, ಅಳು ಬಂದರೆ ಕೈಯಲ್ಲಿ ಬಟ್ಟೆ ಇರಲಿ ಎಂದು.

ಟ್ರಾನ್ಸಿಸ್ಟರ್ ಬರುವ ಮುಂಚೆ ನಮ್ಮೂರಿನಲ್ಲಿ ರೇಡಿಯೊ ಇರಲಿಲ್ಲವೆಂದಲ್ಲ. ದೊಡ್ಡ ಮನೆಯೊಂದರಲ್ಲಿ ಇತ್ತು. ಕಾಳಿನ ಪೆಟ್ಟಿಗೆಯಷ್ಟು ದೊಡ್ಡದು. ಮಾಳಿಗೆಯ ಮೇಲೆ ಎರಡು ಗಳ ನಿಲ್ಲಿಸಿ ನಡುವೆ ತಾಮ್ರದ ಜಾಳಿಗೆ ಕಟ್ಟಿದ್ದರು. ಗುಂಡಿ ತಿರುವಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ, ರೊಟ್ಟಿ ಹಂಚಿನಂತೆ ಮೊದಲು ಕಾಯಬೇಕಿತ್ತು. ಅದು ಇದ್ದಲ್ಲೇ ಇರುತ್ತಿತ್ತು, ಕೇಳಬೇಕಾದವರು ಅದರ ಬಳಿ ಹೋಗಬೇಕು. ಹೋಗುವುದಾದರೂ ಎಲ್ಲಿಯ ತನಕ? ಕೆಲವರು ಪಡಸಾಲೆಯ ತನಕ, ಕೆಲವರು ಕಟ್ಟೆಯ ತನಕ, ನಮ್ಮ ಕೇರಿಯವರು ಕಟ್ಟೆಯ ಕೆಳಗೆ. ಅಲ್ಲಿಗೆ ವಾರ್ತೆಯ ಅರ್ಧ ಮಾತ್ರ ಕೇಳಿಸುತ್ತಿತ್ತು. ಉಳಿದರ್ಧವನ್ನು ಅಪ್ಪ ತಾನೇ ಸೇರಿಸಿಕೊಂಡು ಮನೆಗೆ ಬಂದು ಹೇಳುತ್ತಿದ್ದ. ಅಪ್ಪ ಹೇಳಿದ ಎಷ್ಟೋ ಸಂಗತಿಗಳು ದೇಶದಲ್ಲಿ ನಡೆದೇ ಇರಲಿಲ್ಲ ಎಂದು ಕಾಲೇಜಿಗೆ ಹೋದ ಮೇಲೆ ತಿಳಿಯಿತು.

ನಾನು ವಿಜ್ಞಾನದ ಟೀಚರ್ ಆಗಿದ್ದವಳು, ಸಂದು ಸಿಕ್ಕರೆ ಪಾಠ ಮಾಡುವ ಚಟ ಇನ್ನೂ ಹೋಗಿಲ್ಲ. ಸ್ವಲ್ಪ ಸಹಿಸಿಕೊಳ್ಳಿ. ಆ ಪೆಟ್ಟಿಗೆಯೊಳಗೆ ಗಾಜಿನ ಬುರುಡೆಗಳಿದ್ದವು, ಕಾಯುತ್ತಿದ್ದದ್ದು ಅವು. ಅವುಗಳ ಕೆಲಸವನ್ನು ಬಟಾಣಿ ಕಾಳಿನಷ್ಟು ದೊಡ್ಡ, ಮೂರು ಕಾಲಿನ ಒಂದು ಸಾಮಾನು ಮಾಡಬಲ್ಲದು ಎಂದು ಗೊತ್ತಾಯಿತು. ಅದರ ಹೆಸರು ಟ್ರಾನ್ಸಿಸ್ಟರ್. ಜನ ಇಡೀ ಡಬ್ಬಿಗೇ ಆ ಹೆಸರಿಟ್ಟರು. ಅಮೆರಿಕದಲ್ಲಿ ಮೊದಲು ಕೈಯಲ್ಲಿ ಹಿಡಿಯುವಂಥ ರೇಡಿಯೊ ಮಾಡಿ ಮಾರಿದರು, ಹಿಂದೆಯೇ ಜಪಾನಿನವರು ಆ ಕೆಲಸ ಹಿಡಿದರು. ಜಪಾನಿನ ಒಂದು ಕಂಪನಿಯವರು, ನಮ್ಮದು ಅಂಗಿ ಜೇಬಿನಲ್ಲಿ ಹಿಡಿಯುವ ರೇಡಿಯೊ ಎಂದು ಸಾರಿದರಂತೆ. ಮಾಡಿ ನೋಡಿದರೆ ಜೇಬಿಗಿಂತ ಒಂದು ಕೂದಲು ದೊಡ್ಡದಾಗಿತ್ತು. ರೇಡಿಯೊ ಸಣ್ಣದು ಮಾಡುವ ಬದಲು, ಮಾರುವ ಹುಡುಗರಿಗೆ ದೊಡ್ಡ ಜೇಬಿನ ಅಂಗಿ ಹೊಲಿಸಿ ಕೊಟ್ಟರಂತೆ. ಈ ಕಥೆ ಎಷ್ಟು ಖರೆಯೋ ನನಗೆ ಗೊತ್ತಿಲ್ಲ. ಆದರೆ ಇದನ್ನು ಓದಿದಾಗ ನನಗೆ ನಮ್ಮ ಅವ್ವನ ನೆನಪಾಗಿ ಒಬ್ಬಳೇ ನಕ್ಕೆ. ಯಾಕೆಂದು ಮುಂದೆ ಹೇಳುತ್ತೇನೆ.

ನಮ್ಮ ಕಡೆಗೆ ಈ ಟ್ರಾನ್ಸಿಸ್ಟರ್ ಬಂದದ್ದು ಮದುಮಕ್ಕಳ ಹೆಗಲ ಮೇಲೆ. ವಾಚು, ಸೈಕಲ್ಲು, ಟ್ರಾನ್ಸಿಸ್ಟರ್ ಕೊಟ್ಟರೆ ಬೀಗರು ಮರ್ಯಾದಸ್ಥರು. ಮಸ್ಕಿಯಲ್ಲಿದ್ದ ನಮ್ಮ ಸೋದರಮಾವನಿಗೆ ಮೂರೂ ಸಿಕ್ಕಿದ್ದವು. ಅವನು ಸೈಕಲ್ಲು ಹತ್ತಿ, ಕೈಗೆ ವಾಚು ಕಟ್ಟಿ, ಹೆಗಲಿಗೆ ರೇಡಿಯೊ ನೇತುಹಾಕಿ ಬಜಾರದಲ್ಲಿ ಒಂದು ಸುತ್ತು ಹಾಕಿ ಬಂದರೆ ಊಟ ಸೇರುತ್ತಿತ್ತು. ಹೊಸ ಶೆಲ್ಲು ತರುವ ಉಸಾಬರಿ ಮಾತ್ರ ಅವನಿಗೆ ಇರಲಿಲ್ಲ. ಇದ್ದವನ್ನೇ ಅತ್ತೆಮ್ಮ ಶಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ ಒಣಗಿಸುತ್ತಿದ್ದಳು. ಒಣಗಿದ ಶೆಲ್ಲು ಒಂದು ಹಾಡಿಗೆ ಸಾಲುತ್ತಿತ್ತು. ಅದೂ ಮುಗಿದ ಮೇಲೆ ಮಾವ ಸುಮ್ಮನೆ ಮೂಕ ರೇಡಿಯೊ ಹೊತ್ತು ತಿರುಗುತ್ತಿದ್ದ. ಯಾಕೋ ಹಾಡೂದಿಲ್ಲಲ್ಲ ಎಂದು ಯಾರಾದರೂ ಕೇಳಿದರೆ ಗಂಭೀರವಾಗಿ ವಾಚು ನೋಡಿ, ವಾರ್ತೆಗೆ ಇನ್ನೂ ಟೈಮ್ ಆಗಿಲ್ಲ ಎನ್ನುತ್ತಿದ್ದ.

ಅವ್ವನ ಗುಂಪಿಗೆ ರೇಡಿಯೊ ಬಂದದ್ದು ಬೀಗರಿಂದಲ್ಲ, ಸುಬ್ಬಯ್ಯನವರಿಂದ. ಸುಬ್ಬಯ್ಯ ಆಂಧ್ರದ ಕಡೆಯಿಂದ ಬಂದು ಕಾಲುವೆ ನೀರು ನಂಬಿ ವಲಸೆಗಾರರ ಕ್ಯಾಂಪಿನಲ್ಲಿ ನೆಲೆಸಿದ ರೈತ. ದೊಡ್ಡ ಗದ್ದೆ, ದೊಡ್ಡ ದನಿ, ಅರ್ಧ ತೆಲುಗು ಅರ್ಧ ಕನ್ನಡ. ಹಂಗಾಮಿನ ಪೂರ್ತಿ ಅವ್ವನ ಗುಂಪಿಗೆ ಕೆಲಸ ಸಿಗುತ್ತಿದ್ದದ್ದು ಅವರಲ್ಲೇ. ನಾಟಿ ಮುಗಿದ ಮೇಲೆ ಗುಂಪಿಗೆ ಒಂದು ಊಟ, ಕುಪ್ಪಸಕ್ಕೆ ಒಂದೊಂದು ಖಣ ಕೊಡುವುದು ರೂಢಿ. ಒಂದು ವರ್ಷ ಅವ್ವ, ಊಟಾನೂ ಬ್ಯಾಡ ಖಣಾನೂ ಬ್ಯಾಡ, ಎಲ್ಲಾ ಕೂಡಿಸಿ ಒಂದು ಟ್ರಾನ್ಸಿಸ್ಟರ್ ಕೊಡಿಸ್ರಿ ಎಂದಳು. ಸುಬ್ಬಯ್ಯ ಜೋರಾಗಿ ನಕ್ಕರು. ನಕ್ಕು, ಸಿಂಧನೂರಿಗೆ ಹೋಗಿ ತಂದೇ ಕೊಟ್ಟರು. ಮುಂದಿನ ವರ್ಷ ಆ ನಗು ಅವರಿಗೆ ದುಬಾರಿ ಬಿತ್ತು.

ಆಗಿನ ದಿನಗಳಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಿಂದ ಲೈಸೆನ್ಸ್ ಮಾಡಿಸಬೇಕಿತ್ತು. ಗುಂಪಿನ ರೇಡಿಯೊಗೆ ಯಾರ ಹೆಸರಿನಲ್ಲಿ ಲೈಸೆನ್ಸ್? ಅದು ತೀರ್ಮಾನವಾಗುವ ತನಕ ಹೆಂಗಸರಿಗೆ ಖಾಕಿ ಬಟ್ಟೆ ಕಂಡರೆ ಎದೆ ಡವಡವ. ಒಂದು ದಿನ ಒಡ್ಡಿನ ಮೇಲೆ ಖಾಕಿಯವನೊಬ್ಬ ಬರುವುದು ಕಂಡು ಚಿಗವ್ವ ರೇಡಿಯೊವನ್ನು ಸಸಿ ಕಟ್ಟುಗಳ ಕೆಳಗೆ ತುರುಕಿದಳು. ಗಡಿಬಿಡಿಯಲ್ಲಿ ಆರಿಸುವುದನ್ನು ಮರೆತಿದ್ದಳು. ಬಂದವನು ಕಾಲುವೆಗೆ ನೀರು ಬಿಡುವ ಆಳು. ಬೀಡಿ ಹಚ್ಚಲು ನಿಂತವನಿಗೆ ಸಸಿಯ ಕಟ್ಟೊಳಗಿಂದ ಗಂಡಸೊಬ್ಬ ಮಾತಾಡುವುದು ಕೇಳಿಸಿ ಬೀಡಿ ಕೆಳಗೆ ಬಿತ್ತು. ಆ ಒಡ್ಡಿನ ಮೇಲೆ ಅವನು ಆಮೇಲೆ ಎಷ್ಟೋ ದಿನ ಬೀಡಿ ಹಚ್ಚಲಿಲ್ಲವಂತೆ.

ಇನ್ನು ಆ ದುಬಾರಿ ಬಿದ್ದ ಸಂಗತಿಗೆ ಬರುತ್ತೇನೆ. ಜಪಾನಿನಿಂದ ನಮ್ಮ ಗದ್ದೆಗಳಿಗೆ ಎರಡು ವಿದ್ಯೆ ಬಂದವು. ಒಂದು ಈ ಕೈ ರೇಡಿಯೊ, ಇನ್ನೊಂದು ಸಾಲು ನಾಟಿ. ಅದಕ್ಕೆ ಜಪಾನೀ ಪದ್ಧತಿ ಎಂದೇ ಕರೆಯುತ್ತಿದ್ದರು. ಹಗ್ಗ ಹಿಡಿದು ನೇರ ಸಾಲಿನಲ್ಲಿ ಸಸಿ ಹಚ್ಚಬೇಕು, ಸಾಲಿನ ನಡುವೆ ಕಳೆ ತೆಗೆಯುವ ಗಾಲಿ ಓಡಾಡಬೇಕು. ಸುಬ್ಬಯ್ಯನವರಿಗೆ ಈ ಸಾಲುಗಳ ಮೇಲೆ ಪ್ರಾಣ. ಒಡ್ಡಿನ ಮೇಲೆ ನಿಂತು ನೋಡಿದರೆ ಈ ತುದಿಯಿಂದ ಆ ತುದಿಗೆ ಕಣ್ಣು ಎಡವಬಾರದು ಎನ್ನುತ್ತಿದ್ದರು. ಒಂದೇ ಗದ್ದೆಯಲ್ಲಿ ಈ ಎರಡು ಜಪಾನುಗಳಿಗೆ ಹೊಂದಾಣಿಕೆ ಆಗಲಿಲ್ಲ.

ಸಸಿ ಹಚ್ಚುವವರು ಸಾಲಾಗಿ ನಿಂತು, ಬಾಗಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಅವ್ವ ಒಂದು ಕೋಲಿಗೆ ರೇಡಿಯೊ ಕಟ್ಟಿ, ಕೋಲನ್ನು ತನ್ನ ಎದುರಿನ ಕೆಸರಲ್ಲಿ ನೆಡುತ್ತಿದ್ದಳು. ಸ್ವಲ್ಪ ಹಿಂದೆ ಸರಿದರೆ ಕೋಲು ಕಿತ್ತು ಮತ್ತೆ ಎದುರಿಗೆ ನೆಡುವುದು. ರೇಡಿಯೊದ ಮುಖ ಹೆಂಗಸರ ಕಡೆ, ಹೆಂಗಸರ ಮುಖ ರೇಡಿಯೊದ ಕಡೆ. ಇಷ್ಟರ ತನಕ ಯಾರಿಗೂ ತಕರಾರಿಲ್ಲ. ಆದರೆ ಆ ರೇಡಿಯೊದೊಳಗೆ ತಾಮ್ರದ ತಂತಿ ಸುತ್ತಿದ ಒಂದು ಕರಿ ಸರಳು ಇರುತ್ತದೆ. ಸ್ಟೇಷನ್ನಿನ ಕಡೆ ರೇಡಿಯೊದ ಮುಖವೋ ಬೆನ್ನೋ ಇದ್ದರೆ ದನಿ ಚೆಂದ ಬರುತ್ತದೆ, ಮಗ್ಗುಲು ಇದ್ದರೆ ಬರೀ ಸೊರಸೊರ. ನಮ್ಮೂರಿಗೆ ಕಲಬುರ್ಗಿ ಉತ್ತರಕ್ಕೆ, ಧಾರವಾಡ ಪಡುವಣಕ್ಕೆ. ಹಾಗಾಗಿ ಕಲಬುರ್ಗಿ ಕೇಳಬೇಕಾದರೆ ಹೆಂಗಸರು ಉತ್ತರ ದಕ್ಷಿಣವಾಗಿ ಸರಿಯಬೇಕು, ಧಾರವಾಡ ಕೇಳಬೇಕಾದರೆ ಮೂಡಣ ಪಡುವಣವಾಗಿ. ಬೆಳಿಗ್ಗೆ ಒಂದರಲ್ಲಿ ಒಳ್ಳೆಯ ಹಾಡು, ಊಟದ ಮೇಲೆ ಇನ್ನೊಂದರಲ್ಲಿ. ಊಟ ಮಾಡಿ ಬಂದವರು ಸ್ಟೇಷನ್ನಿನ ಜೊತೆಗೆ ತಾವೂ ತಿರುಗಿ, ಉಳಿದ ಅರ್ಧ ಗದ್ದೆಗೆ ಅಡ್ಡಸಾಲು ಹಚ್ಚಿದರು. ರೇಡಿಯೊ ಒಂದನ್ನೇ ಕೋಲಿನ ಮೇಲೆ ತಿರುಗಿಸಿದರೆ ಸಾಕಿತ್ತು. ಅದನ್ನು ಬಿಟ್ಟು ಇಡೀ ಗದ್ದೆಯನ್ನೇ ತಿರುಗಿಸಿದರು. ಜೇಬಿನ ಕಥೆ ಕೇಳಿ ನಾನು ಯಾಕೆ ನಕ್ಕೆ ಎಂದು ಈಗ ತಿಳಿಯಿತಲ್ಲ.

ನಾನೂ ರಜೆಯಲ್ಲಿ ಗದ್ದೆಗೆ ಹೋಗುತ್ತಿದ್ದೆ. ನಾನು ಹಚ್ಚಿದ ಸಸಿ ನಾನು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಎದ್ದು ನೀರಿನ ಮೇಲೆ ತೇಲುತ್ತಿತ್ತು. ಈಕಿ ಓದಲಿ ಬಿಡು, ಗದ್ದಿ ಉಳೀತೈತಿ ಎಂದು ಚಿಗವ್ವ ತೀರ್ಪು ಕೊಟ್ಟಿದ್ದಳು. ನಾನು ಟೀಚರ್ ಆದದ್ದು ಬುದ್ಧಿವಂತಿಕೆಯಿಂದ ಎಂದು ನಮ್ಮ ಶಾಲೆಯವರು ತಿಳಿದಿದ್ದರು. ಗದ್ದೆಯವರಿಗೆ ನಿಜ ಗೊತ್ತಿತ್ತು.

ಸಸಿ ಬೇರು ಹಿಡಿದು ಹಸಿರಾದಾಗ ಗದ್ದೆಯ ಹಣೆಬರಹ ಬಯಲಾಯಿತು. ಅರ್ಧ ಗದ್ದೆ ಉದ್ದಕ್ಕೆ, ಅರ್ಧ ಅಡ್ಡಕ್ಕೆ. ಸುಬ್ಬಯ್ಯ ತಲೆಯ ಮೇಲೆ ಕೈ ಹೊತ್ತರು. ಮರುದಿನವೇ ಕೃಷಿ ಇಲಾಖೆಯ ಸಾಹೇಬರೊಬ್ಬರು ಅವರ ಸಾಲು ನಾಟಿ ನೋಡಲು ಬರುವವರಿದ್ದರು. ಇನ್ನು ಮುಂದೆ ರೇಡಿಯೊ ಮನೆಯಲ್ಲಿರಬೇಕು, ಇಲ್ಲವಾದರೆ ಜವಳಗೇರಾದಿಂದ ಬೇರೆ ಗುಂಪು ಕರೆಸುತ್ತೇನೆ ಎಂದು ಖಡಾಖಂಡಿತ ಹೇಳಿದರು. ಅವರು ಕೆಲಸ ಬಿಡಿಸಿದರೆ ಆ ಹಂಗಾಮಿಗೆ ಅಷ್ಟು ಮನೆಗಳ ಒಲೆಗೆ ಕಷ್ಟ.

ಸಾಹೇಬರು ಬಂದಾಗ ಹೆಂಗಸರು ಕಳೆ ಕೀಳುತ್ತಿದ್ದರು. ಎದುರಿಗೆ ಕೋಲು, ಕೋಲಿಗೆ ರೇಡಿಯೊ. ಅದೇ ಕೊನೆಯ ದಿನವಾದರೆ ಆಗಲಿ ಎಂದು ಅವ್ವ ತಂದಿದ್ದಳು. ಸಾಹೇಬರು ಒಡ್ಡಿನ ಮೇಲೆ ನಿಂತು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಸಾಲು ನಡುವೆ ಯಾಕೆ ತಿರುಗಿದೆ ಎಂದು ಕೇಳಿದರು. ಸುಬ್ಬಯ್ಯ ಅವ್ವನ ಕಡೆ ನೋಡಿದರು. ಅವ್ವ ಕೆಸರು ಕೈಯನ್ನೇ ಎತ್ತಿ ತೋರಿಸಿದಳು.

"ಆ ಕಡಿ ಧಾರವಾಡ ರೀ ಸಾಹೇಬ್ರ, ಈ ಕಡಿ ಕಲಬುರ್ಗಿ."

ಸಾಹೇಬರಿಗೆ ಸಂಗತಿ ತಿಳಿದು ನಗು ತಡೆಯಲಾಗಲಿಲ್ಲ. ಪಾಪ, ಒಳ್ಳೆಯ ಮನುಷ್ಯ. ಪ್ಯಾಂಟು ಮಡಚಿ, ತಾವೇ ಕೆಸರಿಗೆ ಇಳಿದು, ರೇಡಿಯೊವನ್ನು ಕೋಲಿನ ಮೇಲೆ ಪಕ್ಕಕ್ಕೆ ತಿರುಗಿಸಿ ತೋರಿಸಿದರು. ಮುಳ್ಳು ಸರಿಸಿದಾಗ, ಹೆಂಗಸರು ನಿಂತಲ್ಲೇ ನಿಂತಿದ್ದರೂ, ಇನ್ನೊಂದು ಸ್ಟೇಷನ್ನಿನ ದನಿ ಬಂತು. ಇಷ್ಟೇ ಕೆಲಸ ನೋಡ್ರಮ್ಮ ಎಂದರು. ಸುಬ್ಬಯ್ಯನವರ ಮುಖ ಅರಳಿತು. ಹೆಂಗಸರು ಮಾತ್ರ ಕೈ ಕಟ್ಟಿ ನಿಂತರು. ರೇಡಿಯೊದ ಮುಖ ಈಗ ಪಕ್ಕದ ಗದ್ದೆಯ ಕಡೆ ಇತ್ತು.

ಅವ್ವ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಮಾರಿ ಆ ಕಡಿ ಮಾಡಿ ನಮ್ಮ ಕೂಡ ಮಾತಾಡೋರು ಭಾಳ ಮಂದಿ ಅದಾರ ರೀ. ಇದಾದ್ರೂ ನಮ್ಮ ಮಾರಿ ನೋಡಿ ಮಾತಾಡ್ಲಿ."

ಸಾಹೇಬರು ನಗುವುದನ್ನು ನಿಲ್ಲಿಸಿದರು. ಸುಬ್ಬಯ್ಯ ಸ್ವಲ್ಪ ಹೊತ್ತು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಆಮೇಲೆ ಅವ್ವನ ಮುಖ ನೋಡಿಯೇ, "ಮೀ ಇಷ್ಟಂ ಅಮ್ಮಾ," ಎಂದರು. ನಿಮ್ಮ ಇಷ್ಟ ಎಂದು. ಒಂದೇ ಷರತ್ತು ಹಾಕಿದರು, ಒಂದು ಗದ್ದೆಗೆ ಒಂದೇ ದಿಕ್ಕು. ಹಾಗೆಂದರೆ ಒಂದು ಗದ್ದೆಗೆ ಒಂದೇ ಸ್ಟೇಷನ್ನು. ರೇಡಿಯೊ ಉಳಿಯಿತು, ಕೆಲಸವೂ ಉಳಿಯಿತು.

ಹೊಸ ಜಗಳ ಶುರುವಾದದ್ದು ಇಲ್ಲಿ. ಯಾವ ಸ್ಟೇಷನ್ನು? ಅವ್ವ ಕಲಬುರ್ಗಿ ಸ್ಟೇಷನ್ನಿನ ಕಡೆಯವಳು. ಅಲ್ಲಿ ಮಾತಾಡುವವರು ನಮ್ಮ ಮಂದಿ ಮಾತಾಡಿದಂಗ ಮಾತಾಡ್ತಾರ ಎನ್ನುವಳು. ಚಿಗವ್ವನಿಗೆ ಧಾರವಾಡವೇ ಆಗಬೇಕು. ಅಲ್ಲಿಯ ನಾಟಕ ಕೇಳುತ್ತ ಅವಳು ಅತ್ತು, ಕೆಸರು ಕೈಯಿಂದ ಕಣ್ಣೊರೆಸಿಕೊಂಡು, ಮುಖದ ತುಂಬ ರಾಡಿ ಮಾಡಿಕೊಳ್ಳುತ್ತಿದ್ದಳು. ಇಬ್ಬರೂ ಹಟಮಾರಿಗಳು. ಕಡೆಗೆ ಪಾಳಿ ಮಾಡಿಕೊಂಡರು. ಒಂದು ಗದ್ದೆ ಧಾರವಾಡ, ಅದರ ಮುಂದಿನದು ಕಲಬುರ್ಗಿ. ಕೆಸರಿಗೆ ಇಳಿಯುವ ಮುಂಚೆ ದಿನಾ ಇದೇ ಮಾತು, ಈ ಗದ್ದಿ ನಿಂದು, ಮುಂದಿಂದು ನಂದು. ಸುಬ್ಬಯ್ಯನವರ ಹೊಲದಲ್ಲಿ ನಿಂತು ಸಾಲು ನೋಡಿದರೆ ಯಾವ ಗದ್ದೆ ಯಾರದು ಎಂದು ನಾವು ಮಕ್ಕಳು ಹೇಳಬಲ್ಲವರಾಗಿದ್ದೆವು. ಕಾಗದದ ಮೇಲೆ ಎಲ್ಲವೂ ಸುಬ್ಬಯ್ಯನವರದೇ ಇರಬಹುದು.

ಆ ಗುಂಪಿನಲ್ಲಿ ನಮ್ಮ ಕೇರಿಯವರೂ ಇದ್ದರು, ಮೇಲಿನ ಓಣಿಯವರೂ ಇದ್ದರು. ಕೆಸರಿನಲ್ಲಿ ಎಲ್ಲರೂ ಮಗ್ಗುಲಿಗೆ ಮಗ್ಗುಲು. ಊರೊಳಗೆ ಬಂದರೆ ಅವರವರ ಹೊಸ್ತಿಲು ಅವರವರಿಗೆ. ರೇಡಿಯೊಗೆ ಮಾತ್ರ ಈ ಕಟ್ಟಳೆ ಇರಲಿಲ್ಲ, ಅದು ಎಲ್ಲ ಮನೆಗಳ ನಡುಮನೆಯಲ್ಲೂ ಮಲಗೆದ್ದಿತ್ತು. ಲಕ್ಷ್ಮಿಯ ಗಂಡ ಹುಟ್ಟಿದಾಗ ಪದ್ಧತಿಯಂತೆ ಅವ್ವ ರೇಡಿಯೊ ಹೊತ್ತು ಮೇಲಿನ ಓಣಿಯ ಚಿಗವ್ವನ ಮನೆಗೆ ಹೋದಳು. ಚಿಗವ್ವನ ಅತ್ತೆ ಅದನ್ನು ಬಾಗಿಲಲ್ಲೇ ಇಡಲು ಹೇಳಿದಳು. ಒಳಗಿನಿಂದ ಬಾಣಂತಿ, ರೇಡಿಯೊಕ್ಕ ಒಳಗ ಬರಾಕ ನಡೀತೈತಿ, ಅದನ್ನ ಹೊತ್ತಾಕಿಗೆ ಯಾಕ ನಡಿಯಂಗಿಲ್ಲ, ಅಕಿ ಬರದಿದ್ರ ಅದೂ ಬ್ಯಾಡ ಎಂದು ಕೂಗಿದಳಂತೆ. ಅತ್ತೆಗೂ ಧಾರವಾಡದ ನಾಟಕ ಬೇಕಿತ್ತು. ಅವ್ವ ಒಳಗೆ ಹೋಗಿ ಬಾಣಂತಿಯ ಹಾಸಿಗೆಯ ಎ‌ದುರು ರೇಡಿಯೊ ಇಟ್ಟು, ಅವಳ ಮುಖಕ್ಕೆ ಸರಿಯಾಗಿ ತಿರುಗಿಸಿ ಬಂದಳು. ಆಮೇಲೆ ಇಬ್ಬರೂ ಒಬ್ಬರ ಮನೆಯ ಒಲೆಯ ಮುಂದೆ ಒಬ್ಬರು ಕುಳಿತು ಎಷ್ಟು ರೊಟ್ಟಿ ತಿಂದರೋ.

ಕಾಲ ಹೋಯಿತು. ಟಿವಿ ಬಂತು, ಮೊಬೈಲ್ ಬಂತು. ಗುಂಪಿನವರು ಒಬ್ಬೊಬ್ಬರಾಗಿ ಗದ್ದೆ ಬಿಟ್ಟರು, ಆಮೇಲೆ ಒಬ್ಬೊಬ್ಬರಾಗಿ ಊರನ್ನೂ ಬಿಟ್ಟರು, ಲೋಕವನ್ನೂ ಬಿಟ್ಟರು. ರೇಡಿಯೊ ಮಾತ್ರ ತನ್ನ ಪದ್ಧತಿ ಬಿಡಲಿಲ್ಲ. ಹಾಸಿಗೆ ಹಿಡಿದವರ ಮನೆಯಿಂದ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತ ಕಡೆಗೆ ಚಿಗವ್ವನ ಹತ್ತಿರ ಉಳಿದಿತ್ತು. ಈಗ ಅವಳೂ ಹೋಗಿ, ಕೌದಿ ಸುತ್ತಿಕೊಂಡು ನಮ್ಮ ಮನೆಗೆ ಬಂದಿತ್ತು. ಗುಂಪಿನವರಲ್ಲಿ ಇನ್ನು ಉಳಿದವಳು ಅವ್ವ ಒಬ್ಬಳೇ. ಗೋಡೆ ನೋಡುತ್ತ ಮಲಗಿದವಳಿಗೆ ಅದು ಗೊತ್ತಿಲ್ಲದೆ ಇರಲಿಲ್ಲ.

ಸಂಜೆಯ ಚಹದ ಹೊತ್ತಿಗೆ ನಮ್ಮ ಮನೆಯವರು ಪೇಟೆಗೆ ಹೋಗಿ ಶೆಲ್ಲು ತಂದರು. ಮೂರು ಅಂಗಡಿ ತಿರುಗಿದೆ ಎಂದು ಮೂರು ಸಲ ಹೇಳಿದರು. ಅವ್ವನ ಹೊರಸು ಪಡುವಣ ಗೋಡೆಗೆ ಹತ್ತಿಸಿ ಹಾಕಿತ್ತು, ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ. ಕಾಲ ಬಳಿ ಒಂದು ಸ್ಟೂಲಿಟ್ಟು, ಅದರ ಮೇಲೆ ರೇಡಿಯೊವನ್ನು ಅವಳ ಕಡೆ ಮುಖ ಮಾಡಿ ಇಟ್ಟೆ. ಗುಂಡಿ ತಿರುವಿದೆ. ಸೊರಸೊರ ಅಂದಿತೇ ಹೊರತು ಮಾತಾಡಲಿಲ್ಲ. ಬಗ್ಗಿ ನೋಡಿದರೆ ಮುಳ್ಳು ಧಾರವಾಡದ ಮೇಲಿತ್ತು, ಚಿಗವ್ವ ಬಿಟ್ಟು ಹೋದಲ್ಲಿ. ರೇಡಿಯೊದ ಬೆನ್ನು ಉತ್ತರಕ್ಕಿದೆ, ಕಲಬುರ್ಗಿಯಾದರೆ ಈಗಲೇ ಹತ್ತುತ್ತದೆ, ಅವ್ವನ ಸ್ಟೇಷನ್ನೂ ಅದೇ ಎಂದುಕೊಂಡು ಮುಳ್ಳು ಸರಿಸಲು ಕೈ ಹಾಕಿದೆ.

"ಅದನ್ನ ಮುಟ್ಟಬ್ಯಾಡ."

ನಾನು ಬೆಚ್ಚಿಬಿದ್ದೆ. ಅಷ್ಟು ದಿನಗಳ ಮೇಲೆ ಅವ್ವನ ದನಿ. ಅವ್ವ ಇನ್ನೂ ಗೋಡೆಗೇ ಮುಖ ಮಾಡಿದ್ದಳು. "ಅಕಿ ಇಟ್ಟದ್ದು ಇಟ್ಟಂಗ ಇರ್ಲಿ," ಎಂದಳು.

ನನ್ನೊಳಗಿನ ಟೀಚರ್ ಎಚ್ಚರವಾದಳು. ಮುಳ್ಳು ಮುಟ್ಟಬಾರದಾದರೆ ಏನಾಯಿತು, ಡಬ್ಬಿ ತಿರುಗಿಸಿದರಾಯಿತಲ್ಲ. ಸ್ಟೂಲಿನ ಮೇಲೆ ರೇಡಿಯೊವನ್ನು ಪಕ್ಕಕ್ಕೆ ತಿರುಗಿಸಿದೆ. ತಕ್ಷಣ ಧಾರವಾಡ ಹತ್ತಿತು. ಯಾರೋ ಒಬ್ಬ ಹೆಣ್ಣುಮಗಳು ಬೆಂಡೆ ಗಿಡಕ್ಕೆ ಬರುವ ರೋಗದ ಬಗ್ಗೆ ಬಹಳ ಪ್ರೀತಿಯಿಂದ ಹೇಳುತ್ತಿದ್ದಳು. ನಾನು ಗೆದ್ದವಳಂತೆ ನಮ್ಮ ಮನೆಯವರ ಕಡೆ ನೋಡಿದೆ.

ಅವ್ವ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಮೆಲ್ಲಗೆ ಈ ಕಡೆ ಹೊರಳಿದಳು. ರೇಡಿಯೊದ ಮುಖ ಬಾಗಿಲ ಕಡೆ ಇತ್ತು.

"ಬೀದಿ ಮಂದಿ ಕೂಡ ಮಾತಾಡಾಕತ್ತೈತಲ್ಲ ಅದು," ಎಂದಳು. "ನನ್ನ ಹೊರಸು ತಿರುಗಸ್ರಿ."

ನಾವಿಬ್ಬರೂ ಹೊರಸಿನ ಎರಡು ತುದಿ ಹಿಡಿದೆವು. ನಿವೃತ್ತರ ಕೈಯಲ್ಲಿ ಎಷ್ಟು ಬಲವಿರುತ್ತದೆ ನಿಮಗೆ ಗೊತ್ತು. ಅದು ಅಲುಗಲಿಲ್ಲ. ಅವ್ವ ನಮ್ಮಿಬ್ಬರನ್ನೂ ನೋಡಿ, ಪಗಾರ ತಿಂದ ಮೈ ಎಂದಳು. ಗೋಡೆ ಹಿಡಿದು ತಾನೇ ಎದ್ದು ಕೂತು, ಕಾಲು ಕೆಳಗಿಟ್ಟು, ನಿಂತಳು. ನನ್ನ ಕಣ್ಣು ತುಂಬಿ ಬಂದವು. ಬಟ್ಟೆ ಕೈಯಲ್ಲಿರಲಿಲ್ಲ, ಸೆರಗಿನಿಂದಲೇ ಒರೆಸಿಕೊಂಡೆ.

ಹೊರಸನ್ನು ಅಡ್ಡ ಹಾಕಿದೆವು, ತಲೆ ಗೋಡೆಗೆ, ಕಾಲು ಬಾಗಿಲಿಗೆ. ಟಿವಿಗೆ ಹೋಗುವ ದಾರಿ ಪೂರಾ ಬಂದ್ ಆಯಿತು. ಸ್ಟೂಲನ್ನು ಬಾಗಿಲ ಬಳಿ ಇಟ್ಟು, ರೇಡಿಯೊದ ಮುಖವನ್ನು ಅವ್ವನ ಮುಖಕ್ಕೆ ಸರಿಯಾಗಿ ಮಾಡಿದೆ. ಬೆಂಡೆ ಗಿಡದ ಹೆಣ್ಣುಮಗಳು ಈಗ ಅವ್ವನ ಜೊತೆಗೇ ಮಾತಾಡತೊಡಗಿದಳು. ಅವ್ವ ದಿಂಬಿಗೆ ಒರಗಿ ಕೂತು, ಹೂಂ, ಹೂಂ ಎಂದು ಕೇಳಿದಳು. ತೆರೆದ ಬಾಗಿಲಿನಾಚೆ ಓಣಿಯಲ್ಲಿ ತರಕಾರಿ ಗಾಡಿ ಹೋಗುತ್ತಿತ್ತು. ಅದನ್ನೂ ನೋಡಿದಳು.

ಒಂದು ರೊಟ್ಟಿ ಕೊಡು, ಪುಂಡಿಪಲ್ಯ ಇದ್ದರೆ ಅದನ್ನೂ ಹಚ್ಚು ಎಂದಳು. ನಾನು ಒಳಗೆ ಓಡಿದೆ. ತಟ್ಟೆ ಹಿಡಿದು ಬಂದು, ಧಾರವಾಡ ಯಾಕಬೇ, ನಿಂದು ಕಲಬುರ್ಗಿ ಅಲ್ಲೇನು ಎಂದು ಕೇಳಿದೆ. ಅವ್ವ ರೊಟ್ಟಿ ಮುರಿದಳು. ರೇಡಿಯೊದ ಮೇಲಿನ ಕಣ್ಣು ತೆಗೆಯಲಿಲ್ಲ.

"ಈ ಗದ್ದಿ ಅಕಿದು," ಎಂದಳು. "ಮುಂದಿಂದು ನಂದು."